ಎಂಜಿನ್ನಿನ ರೇಸು, ಬ್ಯಾಟರಿಯ ಲೆಕ್ಕ

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ತೋಟದ ರಸ್ತೆಗಳಲ್ಲಿ ವಾರಕ್ಕೊಂದಾದರೂ ವಾಹನ ಹೂತುಕೊಳ್ಳುವುದು ವಾಡಿಕೆ. ಹೋದ ವರ್ಷ ಜುಲೈ ತಿಂಗಳಲ್ಲಿ ಆ ಸರದಿ ನಮ್ಮದಾಯಿತು. ಮೂಡಿಗೆರೆ ಕಡೆಯ ಬಡಗಿಯೊಬ್ಬರಿಂದ ಮಾಡಿಸಿದ ಶಾಲೆಯ ಬೆಂಚುಗಳನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದೆವು. ಕಾಫಿ ತೋಟದ ನಡುವಿನ ಏರಿನಲ್ಲಿ ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಚಾಲಕ ಪಕ್ಕಕ್ಕೆ ಸರಿದ. ಅಂಚಿನ ಮಣ್ಣು ಕುಸಿಯಿತು. ಹಿಂದಿನ ಚಕ್ರಗಳೆರಡೂ ಚರಂಡಿಗೆ ಇಳಿದು ಗಾಡಿ ಮೂತಿ ಮೇಲೆ ಮಾಡಿಕೊಂಡು ಕುಳಿತುಬಿಟ್ಟಿತು.

ಫೋನ್ ಮಾಡಿದ ಮುಕ್ಕಾಲು ಗಂಟೆಗೆ ನನ್ನ ಹಳೆಯ ಶಿಷ್ಯನೊಬ್ಬ ಜೀಪಿನೊಂದಿಗೆ ಬಂದ. ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿ ಹೇಗೋ ಪಾಸಾಗಿದ್ದ ಈತ ಈಗ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಅವನ ಹಳೆಯ ಡೀಸೆಲ್ ಜೀಪಿನ ಮುಂದಿನ ಬಂಪರಿನಲ್ಲಿ ವಿದ್ಯುತ್ ವಿಂಚ್ ಇದೆ. ಒಂದು ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಉರುಳೆಯನ್ನು ತಿರುಗಿಸಲು ಬ್ಯಾಟರಿಯಿಂದ ನಡೆಯುವ ಮೋಟಾರು. ವಿಂಚ್ ಎಂದರೆ ಇಷ್ಟೆ. ಜೊತೆಗೆ ಹದಿನೆಂಟು ಹತ್ತೊಂಬತ್ತರ ಒಬ್ಬ ಸಹಾಯಕ ಹುಡುಗನೂ ಇದ್ದ.

ಶಿಷ್ಯ ಜೀಪನ್ನು ಏರಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟ. ಹಗ್ಗದ ಕೊಂಡಿಯನ್ನು ಪಿಕಪ್ಪಿನ ಮುಂಭಾಗಕ್ಕೆ ಸಿಕ್ಕಿಸಿದ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗಿದ್ದ ಒಂದು ಗುಂಡಿಯನ್ನು ಎಳೆದು ತಿರುಗಿಸಿದ. ಎಂಜಿನ್ನಿನ ಸದ್ದು ಏರಿತು. ಗ್ಯಾರೇಜಿನವರು ಇದಕ್ಕೆ 'ರೇಸ್ ಕೊಡುವುದು' ಎನ್ನುತ್ತಾರೆ. ಆಕ್ಸಿಲರೇಟರ್ ತುಳಿಯದಿದ್ದಾಗ ಡೀಸೆಲ್ ಎಂಜಿನ್ ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುತ್ತಿರುತ್ತದೆ. ಅವನು ಅದನ್ನು 1500ರ ಆಸುಪಾಸಿಗೆ ಏರಿಸಿದ್ದ.

ಆಗ ನನ್ನೊಳಗಿನ ಮೇಷ್ಟರು ಎದ್ದು ಕುಳಿತರು. "ಅಲ್ಲವೋ, ಎಳೆಯುವುದು ಬ್ಯಾಟರಿ ಮೋಟಾರು. ನಿಂತ ಗಾಡಿಯ ಎಂಜಿನ್ ಅರಚಿದರೆ ಹಗ್ಗಕ್ಕೇನು ಬಲ ಬರುತ್ತದೆ? ಡೀಸೆಲ್ ದಂಡ. ಇಳಿಸು" ಎಂದೆ.

"ಸಾರ್, ಅದು ಹಂಗಲ್ಲ..." ಎಂದವನು ಮುಂದೆ ಮಾತಾಡಲಿಲ್ಲ. ಮೇಷ್ಟರ ಮಾತು ಮೀರಬಾರದೆಂಬ ಹಳೆಯ ಅಭ್ಯಾಸ. ಗುಂಡಿಯನ್ನು ಒಳಕ್ಕೆ ಒತ್ತಿದ. ಎಂಜಿನ್ ಮೆತ್ತಗಾಯಿತು. ಸಂಜೆಗತ್ತಲು, ಧೋ ಎನ್ನುವ ಮಳೆ. ಹೆಡ್‌ಲೈಟು ಉರಿಯುತ್ತಿತ್ತು, ವೈಪರ್ ಆಡುತ್ತಿತ್ತು. ವಿಂಚ್ ಎಳೆಯತೊಡಗಿತು. ಗಾಡಿ ಒಂದೊಂದೇ ಗೇಣು ಮೇಲೆ ಬಂತು. ನಡುವೆ ಎರಡು ಬಾರಿ ನಿಲ್ಲಿಸಿ ಸುಧಾರಿಸಿಕೊಂಡು ಮತ್ತೆ ಎಳೆದ. ಮೂರನೆಯ ಸಲ ಹೆಡ್‌ಲೈಟು ಕೆಂಪಗಾಯಿತು, ಉರುಳೆ ನಿಧಾನವಾಯಿತು. ಹಿಂದಿನ ಚಕ್ರ ಚರಂಡಿಯ ಅಂಚಿಗೆ ಬಂದಿತ್ತು. ಇನ್ನೊಂದು ಮಾರು ಬಂದರೆ ಸಾಕು ಎನ್ನುವಾಗ ಆ ಸಹಾಯಕ ಹುಡುಗ ಕಲ್ಲೊಂದನ್ನು ಹಿಡಿದು ಚಕ್ರದ ಹಿಂದೆ ಇಡಲು ಬಗ್ಗಿದ. ಅದೇ ಗಳಿಗೆಗೆ ಬಾನೆಟ್ಟಿನ ಕಡೆಯಿಂದ 'ಟಕ್ ಟಕ್ ಟಕ್' ಎಂದು ಸದ್ದಾಗಿ ವಿಂಚ್ ನಿಂತಿತು. ಪಿಕಪ್ಪು ಒಂದು ಗೇಣು ಹಿಂದಕ್ಕೆ ಜಾರಿತು. ವಿಂಚಿನೊಳಗಿನ ಬ್ರೇಕು ಹಿಡಿಯಿತು, ಕಲ್ಲೂ ತಡೆಯಿತು. ಹುಡುಗ ಕೈ ಹಿಂದಕ್ಕೆ ಎಳೆದುಕೊಂಡಿದ್ದ.

ಏನೂ ಆಗಲಿಲ್ಲ. ಆದರೆ ಆ ಒಂದು ಗೇಣು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೂವತ್ತು ವರ್ಷ ವಿದ್ಯುತ್ತಿನ ಪಾಠ ಮಾಡಿದ ನಾನು ಎಲ್ಲಿ ತಪ್ಪಿದೆ ಎಂದು ಅಂದು ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಆ ಲೆಕ್ಕವನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

ನಾಲ್ಕು ಟನ್ ಎಳೆಯುವ ಬಗೆಯ 12 ವೋಲ್ಟಿನ ವಿಂಚ್ ಪೂರ್ಣ ಹೊರೆಯಲ್ಲಿ ಸುಮಾರು 400 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. 12ನ್ನು 400ರಿಂದ ಗುಣಿಸಿದರೆ 4800 ವ್ಯಾಟ್. ಅಂದರೆ ಆರೂವರೆ ಅಶ್ವಶಕ್ತಿಗೆ ಸ್ವಲ್ಪ ಕಡಿಮೆ. ತೋಟಕ್ಕೆ ನೀರೆತ್ತುವ ಪಂಪ್‌ಸೆಟ್ಟಿನ ಮೋಟಾರಿಗೆ ಸಮ. ಇದನ್ನು ಒದಗಿಸುವುದು ಯಾರು? ಬ್ಯಾಟರಿ. ಆ ಬ್ಯಾಟರಿಗೆ ತುಂಬಿಕೊಡುವುದು ಯಾರು? ಎಂಜಿನ್ನು ಬೆಲ್ಟಿನ ಮೂಲಕ ತಿರುಗಿಸುವ ಆಲ್ಟರ್ನೇಟರ್. ನಮ್ಮ ಕಡೆ ಈಗಲೂ ಕೆಲವರು ಅದನ್ನು ಡೈನಮೋ ಎಂದೇ ಕರೆಯುತ್ತಾರೆ.

ಬ್ಯಾಟರಿಯನ್ನು ಹಂಡೆ ಎಂದೂ ಆಲ್ಟರ್ನೇಟರನ್ನು ಹಂಡೆಗೆ ಬೀಳುವ ನಲ್ಲಿ ಎಂದೂ ಭಾವಿಸಿ. ಶಿಷ್ಯನ ಜೀಪಿನ ಹಂಡೆ 80 ಆಂಪಿಯರ್-ಗಂಟೆಯದು. ಕಾಗದದ ಮೇಲೆ 400 ಆಂಪಿಯರಿನಂತೆ ಹನ್ನೆರಡು ನಿಮಿಷ ಬರಬೇಕು. ಆದರೆ ಬ್ಯಾಟರಿಯ ಮೇಲೆ ಬರೆದಿರುವ ಅಳತೆ ಇಪ್ಪತ್ತು ಗಂಟೆ ಕಾಲ ನಿಧಾನವಾಗಿ ಬಳಸಿದಾಗ ಸಿಗುವಂಥದು. ಒಮ್ಮೆಲೇ ಸೆಳೆದರೆ ಅಷ್ಟು ದಕ್ಕುವುದಿಲ್ಲ. ಕೆಲವೇ ನಿಮಿಷಗಳಲ್ಲಿ ವೋಲ್ಟೇಜು ಕುಸಿಯುತ್ತದೆ.

ಇನ್ನು ನಲ್ಲಿಯ ವಿಚಾರ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಂತೆ, ತಂತಿಯ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಹೆಚ್ಚು ವೋಲ್ಟೇಜು ಹುಟ್ಟುತ್ತದೆ. ಆಲ್ಟರ್ನೇಟರ್ ನಿಧಾನವಾಗಿ ತಿರುಗಿದರೆ ಬ್ಯಾಟರಿಯ ವೋಲ್ಟೇಜನ್ನು ಮೀರುವುದೇ ಅದಕ್ಕೆ ಕಷ್ಟ. ಮೀರದೆ ಬ್ಯಾಟರಿಯೊಳಕ್ಕೆ ವಿದ್ಯುತ್ ಹರಿಯದು. 65 ಆಂಪಿಯರ್ ಎಂದು ಬರೆದಿರುವ ಆಲ್ಟರ್ನೇಟರ್ ಆ ಪೂರ್ತಿ ಮೊತ್ತವನ್ನು ಕೊಡುವುದು ರಸ್ತೆಯಲ್ಲಿ ಓಡುವ ವೇಗದಲ್ಲಿ. ಎಂಜಿನ್ 750 ಸುತ್ತಿನಲ್ಲಿದ್ದಾಗ ಅದು ಸುಮಾರು 25 ಆಂಪಿಯರ್ ಕೊಡುತ್ತದೆ, 1500 ಸುತ್ತಿನಲ್ಲಿ ಸುಮಾರು 55 ಎಂದಿಟ್ಟುಕೊಳ್ಳೋಣ. ಗಾಡಿಯಿಂದ ಗಾಡಿಗೆ ಈ ಅಂಕಿ ಹೆಚ್ಚುಕಡಿಮೆಯಾದರೂ ಅನುಪಾತ ಹೀಗೆಯೇ.

ನಾನು ವಾದ ಮಾಡಿದ್ದು ಪೂರ್ತಿ ತಪ್ಪಲ್ಲ ಎಂದು ಮೊದಲು ಅನಿಸಿತು. ಎಳೆಯುತ್ತಿರುವಾಗ ಬೇಕಾದದ್ದು 400. ನಲ್ಲಿಯಿಂದ 25 ಬಂದರೇನು, 55 ಬಂದರೇನು? ಎರಡೂ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಾನು ಮರೆತದ್ದು ಎಳೆತದ ನಡುವಿನ ವಿರಾಮವನ್ನು.

ಒಂದು ನಿಮಿಷ ಎಳೆದರೆ ಹಂಡೆಯಿಂದ 400 ಆಂಪಿಯರ್-ನಿಮಿಷ ಖಾಲಿ. ಅದನ್ನು ಮತ್ತೆ ತುಂಬಬೇಕು. ನಲ್ಲಿಯಿಂದ ಬರುವ 25ರಲ್ಲಿ ಹೆಡ್‌ಲೈಟು ಮತ್ತು ವೈಪರ್ ಸೇರಿ ಸುಮಾರು 15 ನುಂಗುತ್ತವೆ. ಉಳಿದದ್ದು 10. ನಾನೂರನ್ನು ಹತ್ತರಿಂದ ಭಾಗಿಸಿ: ನಲವತ್ತು ನಿಮಿಷ! ರೇಸ್ ಕೊಟ್ಟರೆ 55ರಲ್ಲಿ 15 ಹೋಗಿ 40 ಉಳಿಯುತ್ತದೆ. ನಾನೂರನ್ನು ನಲವತ್ತರಿಂದ ಭಾಗಿಸಿದರೆ ಹತ್ತೇ ನಿಮಿಷ. ಎಂಜಿನ್ನಿನ ವೇಗ ಎರಡರಷ್ಟಾದರೆ ಬ್ಯಾಟರಿ ತುಂಬುವ ವೇಗ ನಾಲ್ಕರಷ್ಟಾಯಿತು. ತುಂಬುವಾಗಿನ ನಷ್ಟ ಸೇರಿಸಿದರೆ ಎರಡೂ ಇನ್ನಷ್ಟು ಲಂಬಿಸುತ್ತವೆ, ಅಂತರ ಹಾಗೆಯೇ ಉಳಿಯುತ್ತದೆ. ನಾವು ಅಂದು ಎಳೆತಕ್ಕೂ ಎಳೆತಕ್ಕೂ ನಡುವೆ ಕೊಟ್ಟ ಐದು ನಿಮಿಷದ ವಿರಾಮದಲ್ಲಿ ಬ್ಯಾಟರಿಗೆ ದಕ್ಕಿದ್ದು ಅಂಗೈಯಷ್ಟು ನೀರು.

ಬ್ಯಾಟರಿ ಸೊರಗಿದಾಗ ಮೋಟಾರಿಗೂ ಕೇಡು. ಮೋಟಾರು ಎಷ್ಟು ಆಂಪಿಯರ್ ಸೆಳೆಯಬೇಕೆಂದು ತೀರ್ಮಾನಿಸುವುದು ಹೊರೆ. ಎಷ್ಟು ವೇಗವಾಗಿ ತಿರುಗಬೇಕೆಂದು ತೀರ್ಮಾನಿಸುವುದು ವೋಲ್ಟೇಜು. ವೋಲ್ಟೇಜು ಇಳಿದರೆ ಅದೇ 400 ಆಂಪಿಯರನ್ನು ಹೆಚ್ಚು ಹೊತ್ತು ಸೆಳೆಯುತ್ತಾ ಕಡಿಮೆ ದೂರ ಎಳೆಯುತ್ತದೆ, ಸುರುಳಿ ಕಾಯುತ್ತದೆ. ಮೋಟಾರಿಗೆ ವಿದ್ಯುತ್ ಹಾಯಿಸುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚೂ ಬ್ಯಾಟರಿಯ ಬಲದಿಂದಲೇ ಕಚ್ಚಿ ನಿಲ್ಲುವಂಥದು. ಬಲ ಸಾಲದಾದಾಗ ಅದು ಬಿಡುತ್ತದೆ, ಬಿಟ್ಟೊಡನೆ ಹೊರೆ ತಪ್ಪಿ ವೋಲ್ಟೇಜು ಚೇತರಿಸಿ ಮತ್ತೆ ಕಚ್ಚುತ್ತದೆ, ಮತ್ತೆ ಬಿಡುತ್ತದೆ. ಅಂದು ನಾವು ಕೇಳಿದ 'ಟಕ್ ಟಕ್' ಅದೇ.

ಮುಂದೆ ಶಿಷ್ಯ ನನ್ನನ್ನು ಕೇಳಲಿಲ್ಲ. ಹಗ್ಗ ಬಿಗಿಯಾಗಿದ್ದಂತೆಯೇ ಬಿಟ್ಟು, ಎಲ್ಲರನ್ನೂ ದೂರ ನಿಲ್ಲಿಸಿದ. ಹೆಡ್‌ಲೈಟು ಆರಿಸಿ ಟಾರ್ಚು ಹಿಡಿದ. ಗುಂಡಿ ಎಳೆದು ರೇಸ್ ಕೊಟ್ಟು ಅರ್ಧ ಗಂಟೆ ಕಾದ. ಆಮೇಲೆ ಪಿಕಪ್ಪಿನ ನಾಲ್ಕೂ ಚಕ್ರಗಳಿಗೆ ಕಲ್ಲು ಕೊಡಿಸಿ, ಹಗ್ಗ ಸಡಿಲಿಸಿ, ಪಿಕಪ್ಪಿಗೆ ಒಂದು ರಾಟೆ ಕಟ್ಟಿದ. ಹಗ್ಗವನ್ನು ಅದರ ಮೂಲಕ ಹಾಯಿಸಿ ತುದಿಯನ್ನು ಜೀಪಿನ ಪಕ್ಕದ ಸಿಲ್ವರ್ ಮರಕ್ಕೆ, ತೊಗಟೆ ಕೆತ್ತದಂತೆ ಪಟ್ಟಿ ಸುತ್ತಿ ಬಿಗಿದ. ಎಂಟನೆಯ ತರಗತಿಯ ಮಕ್ಕಳಿಗೆ ನಾನು ಬೋರ್ಡಿನ ಮೇಲೆ ಬಿಡಿಸುವ ಚರ ರಾಟೆಯ ಚಿತ್ರ ಅದು. ಹಗ್ಗದ ಮೇಲಿನ ಎಳೆತ ಅರ್ಧಕ್ಕಿಳಿಯಿತು. ಮೋಟಾರು ಸೆಳೆಯುವ ವಿದ್ಯುತ್ತೂ ಅರ್ಧದ ಹತ್ತಿರಕ್ಕೆ ಇಳಿಯಿತು. ವಿದ್ಯುತ್ ಅರ್ಧವಾದರೆ ತಂತಿಯಲ್ಲಿ ಹುಟ್ಟುವ ಶಾಖ ಕಾಲುಭಾಗ. ಗಾಡಿ ನಿಧಾನವಾಗಿ, ಆದರೆ ನಿಲ್ಲದೆ ಮೇಲೆ ಬಂತು. ಬೆಂಚುಗಳು ಮರುದಿನ ಶಾಲೆ ಸೇರಿದವು.

ಎಂಜಿನ್ ನಿಂತಲ್ಲೇ ವೇಗವಾಗಿ ತಿರುಗುವಂತೆ ಮಾಡುವ ಈ ಏರ್ಪಾಡು ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ರೈತರಿಗೆಂದು ನಾಗರಿಕ ಜೀಪನ್ನು ಮಾರುಕಟ್ಟೆಗೆ ತಂದಾಗಲೇ ಅದರಲ್ಲಿ ಕೈಯಿಂದ ಎಳೆಯುವ ಥ್ರಾಟಲ್ ಇತ್ತು. ನಿಂತ ಜೀಪಿನ ಎಂಜಿನ್ನಿನಿಂದಲೇ ಶಾಫ್ಟಿನ ಮೂಲಕ ಯಂತ್ರಗಳನ್ನು ನಡೆಸಲು ಅದು ಬೇಕಿತ್ತು. ಎಂಜಿನ್ನಿನ ಶಾಫ್ಟಿನಿಂದಲೇ ತಿರುಗುವ ವಿಂಚ್ ಇರುವ ಲಾರಿಗಳಲ್ಲಿ ರೇಸ್ ಏರಿಸದಿದ್ದರೆ ಹಗ್ಗ ಆಮೆಯಂತೆ ತೆವಳುತ್ತದೆ. ಹೊರೆ ಬಿದ್ದೊಡನೆ ಎಂಜಿನ್ನೇ ಆರಿಹೋಗುವುದೂ ಉಂಟು.

ತೋಟದ ರಸ್ತೆಯಲ್ಲಿ ಓಡಾಡುವವರಿಗೆ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ರೇಸ್ ಏರಿಸಲೆಂದು ಆಕ್ಸಿಲರೇಟರ್ ಮೇಲೆ ಕಲ್ಲು ಇಡುವ ಪದ್ಧತಿ ನಮ್ಮಲ್ಲಿದೆ. ಅದು ಬೇಡ. ಕಲ್ಲು ಜಾರಿ ಬ್ರೇಕಿನ ಅಡಿಗೂ ಸೇರಬಹುದು. ಗೇರು ನ್ಯೂಟ್ರಲ್ಲಿನಲ್ಲಿದೆ, ಹ್ಯಾಂಡ್‌ಬ್ರೇಕ್ ಬಿಗಿದಿದೆ ಎಂದು ನೋಡಿಕೊಂಡೇ ಕೈ ಥ್ರಾಟಲ್ ಎಳೆಯಿರಿ. ಅದಿಲ್ಲದಿದ್ದರೆ ಒಬ್ಬರು ಸೀಟಿನಲ್ಲಿ ಕುಳಿತು ಹದವಾಗಿ ತುಳಿಯಲಿ. ಒಂದು ದಿನದ ಕೆಲಸಕ್ಕೆಂದು ಐಡ್ಲಿಂಗ್ ಸ್ಕ್ರೂ ತಿರುಗಿಸಿ ಹಾಗೆಯೇ ಬಿಟ್ಟರೆ ಡೀಸೆಲ್ಲೂ ಪೋಲು, ಗೇರು ಹಾಕುವಾಗ ಕರಕರ ಸದ್ದು ಬೇರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಎಂಜಿನ್ನಿನ ವೇಗವನ್ನು ಒಳಗಿನ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅವುಗಳಲ್ಲಿ ಕಂಪನಿ ಕೊಟ್ಟ ಸ್ವಿಚ್ಚಿದ್ದರೆ ಬಳಸಿ, ಇಲ್ಲದಿದ್ದರೆ ತಂತಿ ಕಟ್ಟುವ ಸಾಹಸ ಬೇಡ. 1500 ಸುತ್ತಿನಾಚೆ ಬಹಳ ಏರಿಸಿದರೂ ಲಾಭ ಅಷ್ಟಕ್ಕಷ್ಟೆ. ಮುಚ್ಚಿದ ಶೆಡ್ಡಿನಲ್ಲಿ ಹೀಗೆ ಎಂಜಿನ್ ನಡೆಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯಬಲ್ಲದು.

ಒಂದು ನಿಮಿಷ ಎಳೆದರೆ ಹತ್ತು ನಿಮಿಷ ಕಾಯಿರಿ. ಕಾಯುವಾಗ ರೇಸ್ ಇಳಿಸಬೇಡಿ. ಹೆಡ್‌ಲೈಟು ಮಂಕಾದರೆ ಗುಂಡಿಯಿಂದ ಕೈ ತೆಗೆಯಿರಿ. ಬಿಗಿದ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿ. ತುಂಡಾದರೆ ಅದು ಚಾಟಿಯಂತೆ ಹಾರುವುದು ತಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಂಚ್ ತಿರುಗುತ್ತಿರುವಾಗ ಚಕ್ರದ ಹಿಂದೆ ಯಾರೂ ಹೋಗಕೂಡದು. ಕಲ್ಲು ಇಡುವುದಿದ್ದರೆ ವಿಂಚ್ ನಿಂತು, ಗಾಡಿಯ ಬ್ರೇಕು ಹಿಡಿದ ಮೇಲೆ, ಪಕ್ಕದಲ್ಲಿ ನಿಂತು ಕೋಲಿನಿಂದ ತಳ್ಳಿ ಇಡಬೇಕು.

ಮುಂದಿನ ಭಾನುವಾರ ಗ್ಯಾರೇಜಿಗೆ ಹೋಗಿ ಶಿಷ್ಯನಿಗೂ ಆ ಹುಡುಗನಿಗೂ ಈ ಲೆಕ್ಕ ತೋರಿಸಿ, ತಪ್ಪು ನನ್ನದೆಂದು ಹೇಳಿದೆ. ಶಿಷ್ಯ ನಕ್ಕು ಸುಮ್ಮನಾದ. ಹುಡುಗ ಕಾಗದವನ್ನು ಎರಡು ಸಲ ನೋಡಿ, "ಸಾರ್, ಲೈಟ್ ಆಫ್ ಮಾಡಿದ್ರೆ ಹತ್ತು ನಿಮಿಷಾನೂ ಬೇಡ ಅಲ್ವಾ? ಏಳು ಚಿಲ್ಲರೆ ಸಾಕು" ಎಂದ. ನಾನೂರನ್ನು ಐವತ್ತೈದರಿಂದ ಭಾಗಿಸಿ ನೋಡಿದೆ. ಅವನ ಲೆಕ್ಕ ಸರಿಯಾಗಿತ್ತು.