ಶಿಕ್ಷಣ ಕಚೇರಿಯ ಬಾಡಿಗೆಯನ್ನು ತೆರುವವರು ಯಾರು?

ಕಚೇರಿ ಎಲ್ಲಿರಬೇಕೆಂಬ ಪ್ರಶ್ನೆಯು ನಮ್ಮ ಕಡೂರು ಸೀಮೆಗೆ ಹೊಸದಲ್ಲ. ಜಿಲ್ಲೆಯ ಮುಖ್ಯ ಕಚೇರಿಗಳು 1865ರಲ್ಲಿಯೇ ಕಡೂರನ್ನು ಬಿಟ್ಟು ಚಿಕ್ಕಮಗಳೂರನ್ನು ಸೇರಿದವು. ಕಡೂರು ಜಿಲ್ಲೆಯೆಂಬ ಹೆಸರು ಮಾತ್ರ 1947ರ ವರೆಗೆ ಉಳಿಯಿತು. ಹೆಸರು ಒಂದೆಡೆ, ಅಧಿಕಾರ ಇನ್ನೊಂದೆಡೆ ಎಂಬ ಆ ಸ್ಥಿತಿ ಅಜ್ಜಂಪುರಕ್ಕೂ ಒದಗಿತು. 2017ರ ಮುಂಗಡಪತ್ರದ ಹೊಸ ತಾಲೂಕುಗಳ ಸಾಲಿನಲ್ಲಿ ಆ ಊರಿನ ಹೆಸರು ಬಂದಿತು. ಆದರೆ ತಾಲೂಕಾದ ಮೇಲೂ ಅಲ್ಲಿಯ ಶಾಲೆಗಳ ಆಡಳಿತವು ತರೀಕೆರೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕೈಯಲ್ಲಿಯೇ ಉಳಿದುಬಂದಿತು. ಕಡೂರು ತಾಲೂಕಿನಲ್ಲಾದರೋ ಕಡೂರಿಗೊಂದು, ನೆರೆಯ ಬೀರೂರಿಗೊಂದು ಶಿಕ್ಷಣ ವಲಯವುಂಟು.

ಹೊಸ ಕಚೇರಿಯ ಮಾತೆತ್ತಿದೊಡನೆ ಸರಕಾರದವರು ವೆಚ್ಚದ ಮಾತನ್ನಾಡುವರು. ಅದು ತಪ್ಪಲ್ಲ; ಪ್ರಜೆಗಳ ತೆರಿಗೆಯ ಹಣವು ಮಿತವಾಗಿಯೇ ವೆಚ್ಚವಾಗಬೇಕು. ಆದರೆ ಮಿತವ್ಯಯದ ಲೆಕ್ಕವು ಪೂರ್ಣವಾಗಿರಬೇಕು. ಸ್ವಂತ ಕಟ್ಟಡಕ್ಕೆ ಒಮ್ಮೆಗೇ ದೊಡ್ಡ ಮೊತ್ತ ಮಂಜೂರಾಗಬೇಕು. ಬಾಡಿಗೆಯು ತಿಂಗಳು ತಿಂಗಳೂ ಕಚೇರಿ ವೆಚ್ಚದಲ್ಲಿ ಸದ್ದಿಲ್ಲದೆ ಸಂದುಹೋಗುವುದು. ಆದ್ದರಿಂದಲೇ ಬಾಡಿಗೆಯ ಮನೆ ಸುಲಭವೆಂದು ತೋರುವುದು. ವರ್ಷಗಳ ಬಾಡಿಗೆಯನ್ನು ಕೂಡಿಸಿದಾಗಲೇ ಅದರ ಭಾರ ತಿಳಿಯುವುದು.

ಕಚೇರಿಯನ್ನೇ ತೆರೆಯದಿದ್ದರೆ ಆ ಬಾಡಿಗೆಯೂ ಉಳಿಯಿತೆಂದು ಎಣಿಸುವುದು ಇನ್ನೂ ದೊಡ್ಡ ಭ್ರಮೆ. ಆಗ ಅದನ್ನು ಉಪಾಧ್ಯಾಯರು ತೆರುತ್ತಾರೆ. ಅಜ್ಜಂಪುರವು ಬೀರೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯಲ್ಲಿದೆ. ತರೀಕೆರೆಯು ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗೆಗೆ ಹೋಗುವ ದಾರಿಯಲ್ಲಿದೆ. ರೈಲಿನಲ್ಲಿ ಹೊರಟವರು ಬೀರೂರನ್ನು ಸುತ್ತಬೇಕು. ಇಲ್ಲವಾದರೆ ಬಸ್ಸಿಗೆ ಕಾಯಬೇಕು. ಸೇವಾಪುಸ್ತಕದ ಒಂದು ನಮೂದಿಗಾಗಿ ಏಕೋಪಾಧ್ಯಾಯ ಶಾಲೆಯ ಗುರುಗಳು ಊರು ಬಿಟ್ಟರೆ, ಮಕ್ಕಳು ಕಳೆದುಕೊಂಡ ಆ ದಿನದ ಪಾಠವೇ ಬಾಡಿಗೆ! ಯಾವ ಲೆಕ್ಕಪತ್ರದಲ್ಲಿಯೂ ಅದು ಕಾಣುವುದಿಲ್ಲ.

ನಾವು ಹೊಸ ಸೌಧವನ್ನು ಬೇಡುತ್ತಿಲ್ಲ. ಅಜ್ಜಂಪುರದ ಸರಕಾರಿ ಕಟ್ಟಡಗಳಲ್ಲಿ ತೆರವಾದ ಕೊಠಡಿಗಳೆಷ್ಟೆಂಬುದನ್ನು ಮೊದಲು ಎಣಿಸಲಿ. ಶಾಲೆಯ ಕೊಠಡಿಯನ್ನು ತೆಗೆದುಕೊಳ್ಳುವುದಾದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಅಳತೆಗೋಲಾಗಲಿ: ಪ್ರತಿಯೊಬ್ಬ ಉಪಾಧ್ಯಾಯರಿಗೆ ಒಂದು ತರಗತಿಯ ಕೊಠಡಿ, ಮುಖ್ಯೋಪಾಧ್ಯಾಯರಿಗೂ ಕಚೇರಿಗೂ ಉಗ್ರಾಣಕ್ಕೂ ಸೇರಿ ಒಂದು ಕೊಠಡಿ. ಇಷ್ಟನ್ನು ಬಿಟ್ಟು ಮಿಕ್ಕರೆ ಮಾತ್ರ ಕಚೇರಿಗೆ ಸಲ್ಲಲಿ. ಮಕ್ಕಳನ್ನು ಜಗುಲಿಗಟ್ಟಿ ಗುಮಾಸ್ತರನ್ನು ಒಳಗೆ ಕೂರಿಸುವ ಮಿತವ್ಯಯ ನಮಗೆ ಬೇಡ. ಪೂರ್ಣ ಕಚೇರಿ ಆಗುವ ವರೆಗೆ ವಾರಕ್ಕೆ ಎರಡು ದಿನ ಅಧಿಕಾರಿಗಳೇ ಅಲ್ಲಿಗೆ ಬಂದು ಕುಳಿತರೂ ಬಹುಪಾಲು ಕಷ್ಟ ಪರಿಹಾರವಾಗುವುದು.

ಇನ್ನೊಂದು ಮಾತು. ಯಾವ ಶಿಕ್ಷಣ ಕಚೇರಿ ಎಷ್ಟು ಜಾಗವನ್ನು ಹಿಡಿದಿದೆ, ಎಷ್ಟು ಬಾಡಿಗೆಯನ್ನು ತೆರುತ್ತಿದೆ ಎಂಬುದನ್ನು ವರ್ಷಕ್ಕೊಮ್ಮೆ ಬಾಗಿಲಲ್ಲಿಯೇ ಬರೆದು ಹಾಕಲಿ. ವೆಚ್ಚದ ವಿವರವನ್ನು ಕೇಳುವ ಮುನ್ನವೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಪ್ರಕರಣವು ಹೇಳುತ್ತದೆ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದುದು ಭೂಪಟದ ಗೆರೆಗಳಿಗಾಗಿ ಮಾತ್ರವಲ್ಲ; ಕನ್ನಡಿಗನ ಆಡಳಿತವು ಕನ್ನಡಿಗನ ಬಾಗಿಲಿಗೆ ಬರಲೆಂದು. ಕಡೂರು, ತರೀಕೆರೆ, ಅಜ್ಜಂಪುರಗಳ ಪುರಜನರೂ ಉಪಾಧ್ಯಾಯವರ್ಗದವರೂ ಒಕ್ಕೊರಲಿನಿಂದ ಈ ಲೆಕ್ಕವನ್ನು ಕೇಳಲಿ.