ಬೇಜಾರಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಕನ್ನಡದ ‘ಬೇಜಾರು’ ಎಂಬ ಮಾತಿಗೆ ಸರಿಹೊಂದುವ ಒಂದೇ ಪದ ಇಂಗ್ಲಿಷಿನಲ್ಲಿಲ್ಲ. ಭಾನುವಾರ ಮಧ್ಯಾಹ್ನ ಹೊತ್ತು ಹೋಗದಿದ್ದರೆ ಬೇಜಾರು, ಗೆಳೆಯ ಮದುವೆಗೆ ಕರೆಯದಿದ್ದರೆ ಬೇಜಾರು, ಪಕ್ಕದ ಮನೆಯ ಅಜ್ಜಿ ತೀರಿಕೊಂಡ ಸುದ್ದಿ ಕೇಳಿದರೂ ಬೇಜಾರು. ಇಂಗ್ಲಿಷಿನವರು ಮೊದಲನೆಯದಕ್ಕೆ ‘ಬೋರ್ಡ್’, ಎರಡನೆಯದಕ್ಕೆ ‘ಹರ್ಟ್’, ಮೂರನೆಯದಕ್ಕೆ ‘ಸ್ಯಾಡ್’ ಎನ್ನುತ್ತಾರೆ. ಪದಪಟ್ಟಿಯಲ್ಲಿ ಮೂರರ ಎದುರಿಗೂ ‘ಬೇಜಾರು’ ಎಂದೇ ಬರೆದರೆ ತಪ್ಪಾಗುವುದಿಲ್ಲ, ಆದರೆ ಕಲಿತಂತೆಯೂ ಆಗುವುದಿಲ್ಲ. ವಸ್ತುಗಳ ಹೆಸರಿಗೆ ಈ ತೊಡಕಿಲ್ಲ. ಕುರ್ಚಿ ತೋರಿಸಿ ‘ಚೇರ್’ ಎಂದರೆ ಮುಗಿಯಿತು. ಭಾವವನ್ನು ಬೆರಳಿಟ್ಟು ತೋರಿಸಲಾಗದು. ಅದು ಯಾರಿಗೆ, ಯಾವಾಗ, ಏಕೆ ಆಯಿತು ಎಂದು ಹೇಳಬೇಕು. ಅಷ್ಟನ್ನು ಹೇಳಲು ಕಡಿಮೆಯೆಂದರೂ ಒಂದು ವಾಕ್ಯ ಬೇಕು.

ನಿಘಂಟುಕಾರರಿಗೆ ಇದು ಹಳೆಯ ತಿಳಿವಳಿಕೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಅರ್ಥದ ಜೊತೆಗೆ ಕವಿಗಳ, ಗದ್ಯಕಾರರ ಸಾಲುಗಳನ್ನು ಹೇರಳವಾಗಿ ಕೊಟ್ಟ. ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಗಾದೆಗಳೂ ಕಾವ್ಯದ ಪ್ರಯೋಗಗಳೂ ಇವೆ. ಆದರೆ ಇವು ಪದ ಬಳಕೆಯಲ್ಲಿದೆ ಎಂಬುದಕ್ಕೆ ಕೊಟ್ಟ ಸಾಕ್ಷಿಗಳು. ಕಲಿಯುವವನಿಗೆಂದೇ ವಾಕ್ಯ ಕಟ್ಟಿಕೊಡುವ ಕೆಲಸದಲ್ಲಿ ದೊಡ್ಡ ಹೆಸರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿಯದು. ಆತ ಇಬ್ಬರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಅಲ್ಲಿಯೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮತ್ತೆ ಪ್ರಕಟಿಸಿತು. ಇಂದು ನಮ್ಮ ಕಾಲೇಜು ಹುಡುಗರ ಕೈಯಲ್ಲಿರುವ ದಪ್ಪ ನಿಘಂಟಿನ ಮೂಲ ಅದೇ.

ಕನ್ನಡಿಗನಿಗೆ ವಾಕ್ಯ ಬೇಕೇ ಬೇಕು ಎನ್ನಲು ಇನ್ನೊಂದು ಕಾರಣವಿದೆ. ಕನ್ನಡದಲ್ಲಿ ಭಾವ ಮನುಷ್ಯನ ಬಳಿಗೆ ಬರುತ್ತದೆ: ಅವನಿಗೆ ಕೋಪ ಬಂತು, ಅವಳಿಗೆ ಭಯವಾಯಿತು, ನನಗೆ ನಾಚಿಕೆಯಾಗುತ್ತದೆ. ಮನುಷ್ಯ ಇಲ್ಲಿ ಚತುರ್ಥಿಯಲ್ಲಿ ಸುಮ್ಮನೆ ನಿಂತಿರುತ್ತಾನೆ. ಬಂದು ಹೋಗುವುದು ಕೋಪ. ಇಂಗ್ಲಿಷಿನಲ್ಲಿ ಅವನೇ ಕರ್ತೃ, ಕೋಪ ಅವನ ವಿಶೇಷಣ. ಈ ಅಂತರವನ್ನು ಪದಾರ್ಥದ ಪಟ್ಟಿ ತಿಳಿಸುವುದಿಲ್ಲ. ಹೀಗಾಗಿ ತರಗತಿಯಲ್ಲಿ ಬೇಜಾರಾದ ಹುಡುಗ ‘ಐ ಆಮ್ ಬೋರಿಂಗ್’ ಎಂದು ತನ್ನ ಮೇಲೆಯೇ ದೂರು ಹೇಳಿಕೊಳ್ಳುತ್ತಾನೆ. ‘ಅಮ್ಮನಿಗೆ ನನ್ನ ಮೇಲೆ ಕೋಪ’ ಎಂಬುದು ‘ಮದರ್ ಈಸ್ ಆಂಗ್ರಿ ಆನ್ ಮಿ’ ಆಗುತ್ತದೆ. ‘ಮೇಲೆ’ಗೆ ‘ಆನ್’ ಎಂದು ಕಲಿತವನ ಲೆಕ್ಕ ಸರಿಯಾಗಿಯೇ ಇದೆ. ಇಂಗ್ಲಿಷ್ ಕೋಪ ಮಾತ್ರ ಯಾರ ‘ಮೇಲೆ’ಯೂ ಕೂರದೆ ‘ವಿತ್’ ಅಥವಾ ‘ಅಟ್’ ಜೊತೆ ಹೋಗುತ್ತದೆ. ಭಯಕ್ಕೆ ‘ಆಫ್’, ಚಿಂತೆಗೆ ‘ಎಬೌಟ್’. ಇದಕ್ಕೆ ಸೂತ್ರ ಹುಡುಕಿ ಫಲವಿಲ್ಲ. ‘ಅಫ್ರೇಡ್ ಆಫ್ ಡಾಗ್ಸ್’ ಎಂಬ ತುಣುಕು ಹಾಗೆಯೇ ಕಿವಿಯಲ್ಲಿ ಕೂತರೆ ಸಾಕು.

ಕಷ್ಟದ ಪದಗಳ ಪಾಡು ಇನ್ನೂ ಕಷ್ಟದ್ದು. ಲೆಕ್ಕ ಕಷ್ಟ, ಬದುಕು ಕಷ್ಟ, ಅಪ್ಪ ಕಷ್ಟಪಟ್ಟು ಓದಿಸಿದರು, ಅವರ ಮನೆಯಲ್ಲಿ ಈಗ ಬಹಳ ಕಷ್ಟ. ಲೆಕ್ಕಕ್ಕೆ ‘ಡಿಫಿಕಲ್ಟ್’ ಸರಿ. ಕೂಲಿ ಸಿಗದೆ, ರೇಷನ್ ಸಾಲದೆ ತಿಂಗಳುಗಟ್ಟಲೆ ನಡೆಯುವ ಬಡತನದ ಕಷ್ಟ ‘ಹಾರ್ಡ್‌ಶಿಪ್’. ಕಷ್ಟಪಟ್ಟು ದುಡಿಯುವುದು ‘ವರ್ಕ್ ಹಾರ್ಡ್’. ಇಲ್ಲಿ ವ್ಯಾಕರಣ ಬಲ್ಲೆನೆಂದು ‘ಹಾರ್ಡ್’ಗೆ ‘ಲಿ’ ಸೇರಿಸಿ ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಅವನು ಕೆಲಸವನ್ನೇ ಮಾಡುವುದಿಲ್ಲ ಎಂದಂತೆ. ‘ಆರ್ಡೀಲ್’ ಎಂಬ ಪದದ ಕಥೆ ಸ್ವಾರಸ್ಯವಾದದ್ದು. ಹಿಂದೆ ಇಂಗ್ಲೆಂಡಿನಲ್ಲಿ ಆರೋಪಿಯ ಕೈಗೆ ಕಾದ ಕಬ್ಬಿಣ ಕೊಟ್ಟು ಸತ್ಯ ತಿಳಿಯುವ ಪದ್ಧತಿಯಿತ್ತು, ಅದರ ಹೆಸರೇ ಇದು. ನಮ್ಮ ‘ಅಗ್ನಿಪರೀಕ್ಷೆ’ಗೆ ತೀರ ಹತ್ತಿರ. ಆದರೆ ಎರಡೂ ಇಂದು ಬೇರೆ ದಾರಿ ಹಿಡಿದಿವೆ. ಅಗ್ನಿಪರೀಕ್ಷೆಯಲ್ಲಿ ವ್ಯಕ್ತಿಯ ಯೋಗ್ಯತೆ ಒರೆಗೆ ಹಚ್ಚಲ್ಪಡುತ್ತದೆ. ಲಿಫ್ಟಿನೊಳಗೆ ಆರು ಗಂಟೆ ಸಿಕ್ಕಿಹಾಕಿಕೊಂಡವನದು ಆರ್ಡೀಲ್, ಅದರಲ್ಲಿ ಯಾರ ಯೋಗ್ಯತೆಯ ಮಾತೂ ಇಲ್ಲ.

ಅರ್ಥ ಸರಿಯಿದ್ದೂ ಮಾತು ಕೆಡುವುದುಂಟು. ‘ಪ್ಯಾಥೆಟಿಕ್’ ಎಂದರೆ ಕರುಣಾಜನಕ ಎಂದು ನಿಘಂಟಿನಲ್ಲಿದೆ. ಮನೆ ಮುಳುಗಿದ ಗೆಳೆಯನಿಗೆ ‘ಯುವರ್ ಕಂಡಿಶನ್ ಈಸ್ ಪ್ಯಾಥೆಟಿಕ್’ ಎಂದು ಬರೆದವನ ಮನಸ್ಸಿನಲ್ಲಿ ಮರುಕವೇ ಇರುತ್ತದೆ, ಓದಿದವನಿಗೆ ಕಾಣುವುದು ತಿರಸ್ಕಾರ. ಆಡುಮಾತಿನ ಇಂಗ್ಲಿಷಿನಲ್ಲಿ ಆ ಪದ ಈಗ ಬಹುಮಟ್ಟಿಗೆ ಬೈಗುಳದ ಸಾಲಿಗೆ ಸೇರಿದೆ. ಇದು ಇಂಗ್ಲಿಷಿನ ದೋಷವೇನಲ್ಲ. ನಮ್ಮ ‘ಪಾಪ’ವನ್ನೇ ನೋಡಬಹುದು. ಕನ್ನಡ ಕಲಿಯುವ ಹೊರಗಿನವನಿಗೆ ಪಾಪ ಎಂದರೆ ಪುಣ್ಯಕ್ಕೆ ವಿರುದ್ಧವಾದದ್ದು ಎಂದಷ್ಟೇ ಹೇಳಿದರೆ, ‘ಪಾಪ, ಮಗು ಬಿದ್ದುಬಿಟ್ಟಿತು’ ಎಂಬ ಮಾತಿನಲ್ಲಿ ಆ ಮಗು ಮಾಡಿದ ಅಪರಾಧ ಯಾವುದೆಂದು ಅವನು ಹುಡುಕಬೇಕಾಗುತ್ತದೆ. ಅಲ್ಲಿಗೆ ತಕ್ಕ ಇಂಗ್ಲಿಷ್ ‘ಪೂರ್ ಥಿಂಗ್’. ಅದನ್ನು ಪದಕ್ಕೆ ಪದ ಇಟ್ಟು ಓದಿದವನಿಗೆ ಸಿಗುವುದು ‘ಬಡ ವಸ್ತು’.

ಹಾಗಾದರೆ ಎಂಥ ವಾಕ್ಯ? ‘ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಪ್ರಶ್ನೆ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು, ಅದರಿಂದ ತಪ್ಪಿಸಿಕೊಳ್ಳುವ ಉಪಾಯವೂ ಗೊತ್ತು. ‘ಗ್ರೀಫ್’ ಕೊಟ್ಟರೆ ‘ರಾಮ ಫೆಲ್ಟ್ ಗ್ರೀಫ್’, ಪೂರ್ತಿ ಅಂಕ. ಆ ಜಾಗದಲ್ಲಿ ‘ಜಾಯ್’ ಇಟ್ಟರೂ ವಾಕ್ಯ ನಿಲ್ಲುತ್ತದೆ. ಅಂದರೆ ಅದು ಗ್ರೀಫ್ ಬಗ್ಗೆ ಏನನ್ನೂ ಹೇಳಿಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ತೂಗುಬಿದ್ದಿರುವ, ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿಯೂ ಇಂಥ ವಾಕ್ಯಗಳೇ ಹೆಚ್ಚು.

ಇದಕ್ಕಿಂತ ಒಳ್ಳೆಯ ಅಳತೆಗೋಲು ಭರತನ ನಾಟ್ಯಶಾಸ್ತ್ರದಲ್ಲಿದೆ. ಎಂಟು ಸ್ಥಾಯಿಭಾವಗಳನ್ನು ವಿವರಿಸುವಾಗ ಭರತ ಒಂದಕ್ಕೆ ಇನ್ನೊಂದು ಪರ್ಯಾಯಪದ ಕೊಟ್ಟು ಮುಂದೆ ಹೋಗುವುದಿಲ್ಲ. ಶೋಕ ಹುಟ್ಟುವುದು ಇಷ್ಟಜನರ ಅಗಲಿಕೆಯಿಂದ, ಸಂಪತ್ತಿನ ನಾಶದಿಂದ. ಕಾಣಿಸಿಕೊಳ್ಳುವುದು ಕಣ್ಣೀರಿನಲ್ಲಿ, ಬಣ್ಣಗೆಟ್ಟ ಮುಖದಲ್ಲಿ, ನಿಟ್ಟುಸಿರಿನಲ್ಲಿ. ಹುಟ್ಟಿಸುವುದು ವಿಭಾವ, ತೋರಿಸುವುದು ಅನುಭಾವ. ನಟನಿಗೆ ಹೇಳಿದ ಈ ಮಾತು ವಾಕ್ಯ ಬರೆಯುವ ಮೇಷ್ಟರಿಗೂ ಸಲ್ಲುತ್ತದೆ. ‘ಅಪ್ಪ ತೀರಿಕೊಂಡು ವರ್ಷವಾದರೂ ಬಾಗಿಲ ಬಳಿ ಇದ್ದ ಅವರ ಚಪ್ಪಲಿಯನ್ನು ಅವಳಿಂದ ತೆಗೆದಿಡಲಾಗಲಿಲ್ಲ; ಅವಳ ಗ್ರೀಫ್ ಅಂಥದು’ ಎಂಬುದನ್ನು ಸರಳ ಇಂಗ್ಲಿಷಿನಲ್ಲಿ ಕೊಟ್ಟರೆ, ಪದದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಕಾರಣವಿದೆ, ಕುರುಹಿದೆ. ‘ಜಾಯ್’ ಅಲ್ಲಿ ಕೂರುವುದಿಲ್ಲ, ‘ಬೋರ್ಡಮ್’ ಕೂಡ ಕೂರುವುದಿಲ್ಲ.

ವಾಕ್ಯವನ್ನು ಕಟ್ಟಬೇಕೋ, ಬಳಕೆಯಿಂದ ಎತ್ತಬೇಕೋ ಎಂಬ ಜಗಳವೂ ಉಂಟು. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಸಿದ್ಧವಾಗಿ 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು, ಜನ ನಿಜವಾಗಿ ಬರೆದ, ಆಡಿದ ವಾಕ್ಯಗಳನ್ನು ಕಂಪ್ಯೂಟರಿನಲ್ಲಿ ಕಲೆಹಾಕಿ ಅವುಗಳಿಂದ ಉದಾಹರಣೆ ಕೊಟ್ಟಿತು. ‘ಕಾಸ್’ ಎಂಬ ಕ್ರಿಯಾಪದ ಹೆಚ್ಚಾಗಿ ಹಾನಿ, ತೊಂದರೆ, ಸಾವುಗಳ ಜೊತೆಗೇ ಬರುತ್ತದೆ ಎಂಬಂಥ ಸಂಗತಿಗಳು ಸ್ಪಷ್ಟವಾದದ್ದು ಇಂಥ ಸಂಗ್ರಹಗಳಿಂದ. ಮೇಜಿನ ಮುಂದೆ ಕೂತು ವಾಕ್ಯ ಹೊಸೆದಿದ್ದರೆ ಕಣ್ಣಿಗೆ ಬೀಳುವುದು ಕಷ್ಟವಿತ್ತು. ಆದರೂ ಭಾವದ ಪದಗಳಲ್ಲಿ ಕಟ್ಟಿದ ವಾಕ್ಯವನ್ನು ತಳ್ಳಿಹಾಕುವಂತಿಲ್ಲ. ಕಾದಂಬರಿಯ ನಡುವಿನಿಂದ ಕಿತ್ತ ಸಾಲಿನಲ್ಲಿ ಅಳುತ್ತಿರುವವಳು ಇರುತ್ತಾಳೆ, ಅಳುವಿನ ಕಾರಣ ನಾಲ್ಕು ಪುಟ ಹಿಂದೆ ಉಳಿದಿರುತ್ತದೆ. ಮೊದಲು ಕಟ್ಟಿದ್ದು, ಆಮೇಲೆ ಸಿಕ್ಕಿದ್ದು ಎಂಬ ಕ್ರಮವೇ ಮೇಲು. ಒಂದಕ್ಕೆ ನಿಲ್ಲಿಸುವುದೂ ಅಪಾಯ: ‘ಆ್ಯಂಕ್ಷಸ್ ಎಬೌಟ್’ ಕಲಿತು ಆತಂಕ ಎಂದು ತಿಳಿದವನಿಗೆ, ‘ಆ್ಯಂಕ್ಷಸ್ ಟು ಮೀಟ್ ಯೂ’ ಎಂದು ಪತ್ರ ಬಂದರೆ ಅದು ಕಾತರವೆಂದು ಹೊಳೆಯುವುದು ಎರಡನೆಯ ವಾಕ್ಯವೂ ಗೊತ್ತಿದ್ದಾಗ ಮಾತ್ರ.

ಎಲ್ಲಕ್ಕಿಂತ ಮೊದಲು ಕಲಿಸಬೇಕಾದ, ಆದರೆ ಪಟ್ಟಿಗಳಲ್ಲಿ ಬಿಟ್ಟುಹೋಗುವ ವಾಕ್ಯ ಸಾವಿನ ಮನೆಯದು. ತಾಯಿಯನ್ನು ಕಳೆದುಕೊಂಡ ಕನ್ನಡದ ಹುಡುಗನಿಗೆ ಆಫೀಸಿನಲ್ಲಿ ಹೊರದೇಶದ ಸಹೋದ್ಯೋಗಿ ‘ಐ ಆಮ್ ಸಾರಿ ಫಾರ್ ಯುವರ್ ಲಾಸ್’ ಎನ್ನುತ್ತಾನೆ. ‘ಸಾರಿ’ ಎಂದರೆ ಕ್ಷಮಿಸಿ ಎಂದಷ್ಟೇ ಕಲಿತವನ ಬಾಯಿಗೆ ‘ನೋ ಪ್ರಾಬ್ಲಮ್’ ಬಂದುಬಿಡಬಹುದು. ಆ ಸಹೋದ್ಯೋಗಿ ತಪ್ಪು ಒಪ್ಪಿಕೊಳ್ಳುತ್ತಿಲ್ಲ, ದುಃಖದಲ್ಲಿ ಜೊತೆಯಾಗುತ್ತಿದ್ದಾನೆ. ಅದಕ್ಕೆ ಉತ್ತರ ‘ಥ್ಯಾಂಕ್ ಯೂ’.