ಭೂಮಿಯ ಬೆಲೆ: ಪುರಾವೆಯ ಹೊರೆ ಯಾರ ಹೆಗಲಿಗೆ?

ಸಂತೆಯಲ್ಲಿ ಮಾರುವವನು ಬೆಲೆ ಹೇಳುತ್ತಾನೆ, ಕೊಳ್ಳುವವನು ಚೌಕಾಶಿ ಮಾಡುತ್ತಾನೆ. ಒಪ್ಪಿಗೆಯಾಗದಿದ್ದರೆ ಇಬ್ಬರೂ ತಮ್ಮ ದಾರಿ ಹಿಡಿಯುತ್ತಾರೆ. ಭೂಸ್ವಾಧೀನವೆಂಬುದು ಇದಕ್ಕೆ ತೀರಾ ವಿರುದ್ಧವಾದ ವ್ಯವಹಾರ. ಇಲ್ಲಿ ಮಾರಲೊಲ್ಲೆನೆನ್ನುವ ಹಕ್ಕು ರೈತನಿಗಿಲ್ಲ. ಬೆಲೆ ಕಟ್ಟುವವನೂ ಕೊಳ್ಳುವ ಸರಕಾರದ ಅಧಿಕಾರಿಯೇ. ಆದ್ದರಿಂದಲೇ ಆ ಬೆಲೆಯನ್ನು ಪ್ರಶ್ನಿಸಲು ಕಾನೂನು ತೆರೆದಿಟ್ಟಿರುವ ನ್ಯಾಯಾಲಯದ ಬಾಗಿಲು ಬರಿಯ ಔಪಚಾರಿಕತೆಯಲ್ಲ. ಅದು ಇಡೀ ಪ್ರಕ್ರಿಯೆಯ ನ್ಯಾಯಬದ್ಧತೆಯ ಆಧಾರಸ್ತಂಭ.

1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಂತೆ ನ್ಯಾಯಾಲಯಕ್ಕೆ ಬರುವ ಪ್ರಕರಣವು ಅಧಿಕಾರಿಯ ಐತೀರ್ಪಿನ ಮೇಲಿನ ಮೇಲ್ಮನವಿಯಲ್ಲ ಎಂದು ಸುಪ್ರೀಮ್ ಕೋರ್ಟು 1988ರಲ್ಲಿ ಚಿಮನ್‌ಲಾಲ್ ಹರಗೋವಿಂದದಾಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಧಿಕಾರಿಯ ಐತೀರ್ಪು ಸರಕಾರ ಮುಂದಿಡುವ ಒಂದು ಬೆಲೆಯಷ್ಟೇ. ಅವನು ಅವಲಂಬಿಸಿದ ದಾಖಲೆಗಳನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ರುಜುವಾತು ಮಾಡದ ಹೊರತು ಅವಕ್ಕೆ ಸಾಕ್ಷ್ಯದ ಬೆಲೆಯಿಲ್ಲ. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಪರಿಹಾರ ಸಾಲದೆಂಬವನು ವಾದಿಯ ಸ್ಥಾನದಲ್ಲಿದ್ದಾನೆ, ಅದನ್ನು ತೋರಿಸಿಕೊಡುವ ಹೊಣೆ ಅವನದು.

ಸಮಸ್ಯೆ ಆರಂಭವಾಗುವುದೇ ಇಲ್ಲಿ. ನೆರೆಹೊರೆಯ ಕ್ರಯಪತ್ರಗಳು ಉಪನೋಂದಣಾಧಿಕಾರಿಯ ಕಚೇರಿಯಲ್ಲಿವೆ. ಪಹಣಿ, ಬೆಳೆಯ ವಿವರ, ನೀರಾವರಿಯ ಲೆಕ್ಕ ಕಂದಾಯ ಇಲಾಖೆಯಲ್ಲಿವೆ. ಅಂದರೆ ಪುರಾವೆಯ ಬಹುಪಾಲು ಎದುರಾಳಿಯ ಕಪಾಟಿನಲ್ಲಿದೆ. ಪುರಾವೆಯ ಹೊರೆ ಮಾತ್ರ ರೈತನ ಹೆಗಲ ಮೇಲಿದೆ. ಸಾಲದ್ದಕ್ಕೆ, ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸುವ ನಮ್ಮ ಸಮಾಜದ ಹಳೆಯ ರೋಗವು ಇಂತಹ ಹೊತ್ತಿನಲ್ಲಿ ಇಡೀ ಊರಿಗೇ ಶಾಪವಾಗುತ್ತದೆ. ಒಬ್ಬನ ಸುಳ್ಳು ಅಂಕಿ ಹತ್ತು ಮಂದಿಯ ಪರಿಹಾರಕ್ಕೆ ಅಳತೆಗೋಲಾಗುತ್ತದೆ.

ಹಾಗೆಂದು ಕಾನೂನು ಕಣ್ಣು ಮುಚ್ಚಿ ಕುಳಿತಿಲ್ಲ. 1984ರ ತಿದ್ದುಪಡಿಯಿಂದ ಸೇರಿದ 51-ಎ ಕಲಮು, ಕ್ರಯಪತ್ರದ ದೃಢೀಕೃತ ನಕಲನ್ನೇ ಸಾಕ್ಷ್ಯವಾಗಿ ಸ್ವೀಕರಿಸಲು ಅನುವು ಮಾಡಿತು. ಕೊಂಡವನನ್ನೂ ಮಾರಿದವನನ್ನೂ ಕಟಕಟೆಗೆ ಎಳೆತರುವ ಅಗತ್ಯವಿಲ್ಲವೆಂಬುದನ್ನು 2004ರಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿಯಿತು. ಆದರೆ ಆ ನಕಲಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಅರ್ಜಿದಾರ ಕೇಳಿದ್ದಕ್ಕಿಂತ ಹೆಚ್ಚು ಕೊಡಬಾರದೆಂಬ ಹಳೆಯ ಮಿತಿಯೂ 1984ರಲ್ಲಿ ಬಿದ್ದುಹೋಯಿತು. ಅರ್ಜಿದಾರ ಗೈರುಹಾಜರಾದನೆಂದು ಪ್ರಕರಣವನ್ನು ವಜಾ ಮಾಡುವಂತಿಲ್ಲ, ಬೆಲೆ ನಿರ್ಧರಿಸಿ ತೀರ್ಪು ನೀಡಲೇಬೇಕು ಎಂದು ಖಜಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿದೆ.

2013ರ ಹೊಸ ಕಾಯ್ದೆ ಇನ್ನೂ ಮುಂದೆ ಹೋಯಿತು. ಅದರ 60ನೇ ಕಲಮಿನ ಪ್ರಕಾರ ಪ್ರಾಧಿಕಾರಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ: ಸಾಕ್ಷಿಗಳನ್ನು ಕರೆಸಬಹುದು, ದಾಖಲೆಗಳನ್ನು ಹಾಜರುಪಡಿಸಲು ಆಜ್ಞಾಪಿಸಬಹುದು, ಸರಕಾರಿ ಕಡತಗಳನ್ನು ತರಿಸಿಕೊಳ್ಳಬಹುದು, ಸಾಕ್ಷಿಗಳ ವಿಚಾರಣೆಗೆ ಕಮಿಷನ್ ಕಳುಹಿಸಬಹುದು. ಆರು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂಬ ಗಡುವೂ ಇದೆ. ಇಷ್ಟೆಲ್ಲ ಅಧಿಕಾರವಿದ್ದೂ, "ಅರ್ಜಿದಾರ ಸಾಕ್ಷ್ಯ ಒದಗಿಸಲಿಲ್ಲ" ಎಂಬ ಒಂದು ಸಾಲಿನಲ್ಲಿ ರೈತನ ಬದುಕನ್ನು ಮುಗಿಸಿಬಿಡುವುದು ನ್ಯಾಯವೇ? ಕರೆಸುವ ಅಧಿಕಾರವಿದ್ದು ಕರೆಸದಿರುವುದು ತಟಸ್ಥತೆಯಲ್ಲ. ಬಲಾಢ್ಯ ಮತ್ತು ದುರ್ಬಲರ ನಡುವೆ ಅಂತಹ ಮೌನ ಬಲಾಢ್ಯನ ಪರವಾಗಿಯೇ ನಿಲ್ಲುತ್ತದೆ.

ಹೆದ್ದಾರಿಗೆ ಜಮೀನು ಕಳಕೊಂಡವರ ಪಾಡು ಇನ್ನೂ ಕಷ್ಟಕರ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಬೆಲೆಯ ತಕರಾರು ಹೋಗುವುದು ನ್ಯಾಯಾಧೀಶರ ಬಳಿಗಲ್ಲ, ಕೇಂದ್ರ ಸರಕಾರವೇ ನೇಮಿಸುವ ಮಧ್ಯಸ್ಥಗಾರನ ಬಳಿಗೆ. ಅವನ ತೀರ್ಪಿನ ಮೊತ್ತವನ್ನು ಜಿಲ್ಲಾ ನ್ಯಾಯಾಲಯ ರದ್ದುಪಡಿಸಬಹುದೇ ಹೊರತು ತಿದ್ದುವಂತಿಲ್ಲವೆಂದು 2021ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು. 2025ರಲ್ಲಿ ಸಂವಿಧಾನ ಪೀಠವು ಸೀಮಿತ ಸಂದರ್ಭಗಳಲ್ಲಿ ತಿದ್ದುಪಡಿಗೆ ಅವಕಾಶ ನೀಡಿದರೂ, ಸಾಕ್ಷ್ಯವನ್ನು ಹೊಸದಾಗಿ ತೂಗಿನೋಡುವ ಬಾಗಿಲೇನೂ ತೆರೆಯಲಿಲ್ಲ. ಅಣೆಕಟ್ಟಿಗೆ ಹೊಲ ಕೊಟ್ಟವನಿಗೆ ಒಂದು ನ್ಯಾಯ, ಹೆದ್ದಾರಿಗೆ ಕೊಟ್ಟವನಿಗೆ ಇನ್ನೊಂದು ನ್ಯಾಯವೆಂದರೆ ಸಮಾನತೆಗೆ ಅರ್ಥವೇನು?

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಕೃಷ್ಣಾ ಮೇಲ್ದಂಡೆ ಯೋಜನೆಯ ಮುಳುಗಡೆ ಜಮೀನಿಗೆ, ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣ ಭೂಮಿಯಾದರೆ 30 ಲಕ್ಷ ರೂಪಾಯಿಯಂತೆ ಒಪ್ಪಂದದ ಬೆಲೆ ನಿಗದಿಪಡಿಸಿತು. ವ್ಯಾಜ್ಯ ತಪ್ಪಿಸುವ ಉದ್ದೇಶ ಒಳ್ಳೆಯದೇ. ಆದರೆ ಒಪ್ಪಂದಕ್ಕೆ ಸಹಿ ಹಾಕಿದವನಿಗೆ ಮತ್ತೆ ಹೆಚ್ಚಿನ ಬೆಲೆ ಕೇಳುವ ದಾರಿ ಮುಚ್ಚಿಹೋಗುತ್ತದೆಂಬ ಮಾತನ್ನು ಅವನಿಗೆ ಅವನ ಭಾಷೆಯಲ್ಲಿ, ಸಹಿಗೆ ಮುಂಚೆಯೇ ತಿಳಿಸಬೇಕು. ನ್ಯಾಯಾಲಯದ ಬಾಗಿಲು ಸುಲಭವಾಗಿ ತೆರೆದಿದ್ದರೆ ಮಾತ್ರ ಒಪ್ಪಂದವೆಂಬುದು ಒಪ್ಪಂದವಾಗುತ್ತದೆ. ಇಲ್ಲವಾದರೆ ಅದು ಬೇಸತ್ತವನ ಶರಣಾಗತಿ.

ಆದುದರಿಂದ ನಾವು ಹೇಳಬಯಸುವುದಿಷ್ಟೆ. ಐತೀರ್ಪಿನೊಂದಿಗೇ ಅಧಿಕಾರಿ ಆಧರಿಸಿದ ಎಲ್ಲ ಕ್ರಯಪತ್ರಗಳ ನಕಲನ್ನು ಭೂಮಾಲಕನಿಗೆ ಉಚಿತವಾಗಿ ಕೊಡುವ ನಿಯಮ ಬರಲಿ. ಕಡತ ತರಿಸಿಕೊಳ್ಳುವ ಅಧಿಕಾರವನ್ನು ಪ್ರಾಧಿಕಾರಗಳು ತಾವಾಗಿಯೇ ಬಳಸಲಿ. ಹೆದ್ದಾರಿಯ ಸಂತ್ರಸ್ತರಿಗೂ ನ್ಯಾಯಾಂಗದ ಅಧಿಕಾರಿಯ ಮುಂದೆಯೇ ವಿಚಾರಣೆ ದೊರೆಯಲಿ. ಜೊತೆಗೆ ಜನರೂ ಎಚ್ಚೆತ್ತುಕೊಳ್ಳಬೇಕಾಗಿದೆ. ಐತೀರ್ಪಿನ ವೇಳೆ ಹಾಜರಿದ್ದವನಿಗೆ ತಕರಾರು ಸಲ್ಲಿಸಲು ಹೊಸ ಕಾಯ್ದೆ ಕೊಡುವುದು ಆರು ವಾರಗಳ ಕಾಲಾವಕಾಶ ಮಾತ್ರ. ಊರಿನ ವಿದ್ಯಾವಂತರು ಆ ಆರು ವಾರಗಳಲ್ಲಿ ಬಡ ರೈತನ ಕಾಗದಪತ್ರ ಒಟ್ಟುಗೂಡಿಸಲು ನೆರವಾದರೆ ಅದೊಂದು ದೊಡ್ಡ ಸೇವೆ. ಕ್ರಯಪತ್ರದಲ್ಲಿ ನಿಜ ಬೆಲೆಯನ್ನೇ ಬರೆಸುವ ಪ್ರಾಮಾಣಿಕತೆ ನಮ್ಮಲ್ಲಿ ಬೆಳೆಯಲಿ. ಇಂದು ನಾವು ಬರೆಸುವ ಸುಳ್ಳು ನಾಳೆ ನೆರೆಯವನ ಹೊಲದ ವಿರುದ್ಧ ಸಾಕ್ಷಿ ಹೇಳುತ್ತದೆ.